ಕೌದಿಯ ಕಟ್ಟಣೆ: ಬೆಳ್ಳಾವಿ ಸೀಮೆಯ ಹೊದಿಕೆಗಳನ್ನು ಕುರಿತು ಕೆಲವು ವಿಚಾರಗಳು

ಮನೆಯೊಳಗಿನ ವಸ್ತುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಕರಗಳದು. ಅರಸರು ತಮ್ಮ ಕಾರ್ಯಗಳನ್ನು ಕಲ್ಲಿನಲ್ಲಿ ಬರೆಯಿಸಿದರು. ದೇವಾಲಯಗಳು ದತ್ತಿಗಳನ್ನು ತಾಮ್ರದಲ್ಲಿ ಕಾಪಾಡಿಕೊಂಡವು. ಮಗ್ಗದೆರೆ ಎಂಬ ತೆರಿಗೆಯಿದ್ದುದರಿಂದ ನೇಕಾರನು ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಗಾಣದೆರೆಯ ದೆಸೆಯಿಂದ ಗಾಣಿಗನೂ ಕಾಣಿಸಿಕೊಳ್ಳುತ್ತಾನೆ. ಮನೆಯ ಹೆಂಗಸಿನ ಸೂಜಿಯು ತೆರಿಗೆಯ ಕಣ್ಣಿಗೆ ಬೀಳಲಿಲ್ಲ. ಅದರ ಫಲವಾಗಿ, ನೇಯ್ದ ಬಟ್ಟೆಯ ಚರಿತ್ರೆಯನ್ನು ನಾವು ಒಂದಿಷ್ಟು ಬಲ್ಲೆವು. ಅದೇ ಬಟ್ಟೆಯು ಹಳೆಯದಾಗಿ, ಹರಿದು, ಮತ್ತೆ ಮನೆಯವರ ಮೈಮೇಲೆ ಹೊದಿಕೆಯಾಗಿ ಬಂದುದರ ಚರಿತ್ರೆಯನ್ನು ಅರಿಯೆವು. ನಮ್ಮ ನಾಡಿನ ಬಹುಪಾಲು ಜನ ಶತಮಾನಗಳ ಕಾಲ ಇಂತಹ ಹೊದಿಕೆಯ ಕೆಳಗೆಯೇ ನಿದ್ರಿಸಿದರೆಂಬುದನ್ನು ನೆನೆದರೆ ಈ ಕೊರತೆ ಸಣ್ಣದೆನಿಸುವುದಿಲ್ಲ.

ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತೇಪೆಗಳನ್ನು ಜೋಡಿಸಿ, ಎಲ್ಲವೂ ಒಂದಾಗುವಂತೆ ಉದ್ದಕ್ಕೂ ಹೊಲಿದ ಹಾಸಿಗೆಯ ಹೊದಿಕೆಯನ್ನು ಕನ್ನಡಿಗರು ಕೌದಿ ಎನ್ನುತ್ತಾರೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಇದು ಮನೆಮಾತು. ತುಮಕೂರಿನ ಕಡೆಯೂ ಹೆಸರು ಇದೆ, ವಸ್ತುವೂ ಇದೆ, ಆದರೆ ಅದಕ್ಕೆ ಅಲ್ಲಿ ದೊರೆತಿರುವ ಸ್ಥಾನ ಬೇರೆ. ತುಮಕೂರು ತಾಲ್ಲೂಕಿನ ಹೋಬಳಿ ಊರಾದ ಬೆಳ್ಳಾವಿ ಮತ್ತು ಅದರ ನೆರೆಯ ಗುಬ್ಬಿಯ ಸೀಮೆಯನ್ನು ಆಧಾರವಾಗಿಟ್ಟುಕೊಂಡು, ಕೌದಿಯನ್ನು ಹೇಗೆ ಕಟ್ಟುತ್ತಾರೆ, ಕಟ್ಟುವಾಕೆಯ ಮುಂದೆ ಯಾವ ಯಾವ ದಾರಿಗಳಿರುತ್ತವೆ, ಆ ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಕಾರಣವೇನು ಎಂಬುದನ್ನು ವಿಚಾರಿಸುವುದು ಇಲ್ಲಿನ ಉದ್ದೇಶ. ಕೌದಿಯ ಅಂದವನ್ನು ಹೊಗಳಿದ ಬರಹಗಳು ಈಚೆಗೆ ಸಾಕಷ್ಟು ಬಂದಿವೆ. ಅದನ್ನು ಆಕರವೆಂದು ಓದಿದ ಬರಹಗಳು ವಿರಳ.

ಮೊದಲು ಮಾತುಗಳನ್ನು ಗಮನಿಸೋಣ. ಹಚ್ಚಡ ಮತ್ತು ದುಪ್ಪಟಿ ಎಂಬ ಎರಡು ಹೆಸರುಗಳು ತುಮಕೂರು ಸೀಮೆಯ ಹಳಬರಿಗೆ ಈಗಲೂ ಪರಿಚಿತ. ದುಪ್ಪಟಿಯೆಂದರೆ ಎರಡು ಪಟ್ಟಿಯದು. ಹಚ್ಚಡವೂ ಎರಡು ಅಗಲಗಳನ್ನು ಕೂಡಿಸಿದ ದಪ್ಪ ಹೊದಿಕೆಯೇ. ಈ ಎರಡರ ಹಿಂದೆಯೂ ಮಗ್ಗದ ಒಂದು ಇತಿಮಿತಿ ಅಡಗಿದೆ. ಲಾಳಿಯನ್ನು ಒಂದು ಕೈಯಿಂದ ಎಸೆದು ಮತ್ತೊಂದು ಕೈಯಿಂದ ಹಿಡಿಯುವ ಹಳೆಯ ಮಗ್ಗದಲ್ಲಿ ಬಟ್ಟೆಯ ಪನ್ನವು ನೇಕಾರನ ತೋಳಿನ ಚಾಚನ್ನು ಮೀರಲಾರದು. ಮಲಗುವ ಮನುಷ್ಯನನ್ನು ಮುಚ್ಚಬೇಕಾದರೆ ಎರಡು ಪನ್ನಗಳನ್ನು ಸೇರಿಸಿ ಹೊಲಿಯಲೇಬೇಕು. ಆದುದರಿಂದ ನಮ್ಮ ನಾಡಿನಲ್ಲಿ ಹಾಸಿಗೆಯ ಹೊದಿಕೆಯೆಂಬುದು ನೇಯ್ಗೆಯ ವಸ್ತುವಾಗಿರುವಷ್ಟೇ ಹೊಲಿಗೆಯ ವಸ್ತುವೂ ಆಗಿದೆ. ಕೌದಿಯನ್ನು ಬಡತನದ ಉಪಾಯವೆಂದು ಮಾತ್ರ ಕಾಣುವವರು ಈ ಸಂಗತಿಯನ್ನು ಮರೆಯುತ್ತಾರೆ.

ಇನ್ನು ಎರಡು ಮಾತುಗಳಿವೆ: ಕಂತೆ ಮತ್ತು ಬೊಂತೆ. ಕಂತೆಯು ಸಂಸ್ಕೃತದ ಕಂಥಾ ಶಬ್ದದಿಂದ ಬಂದುದು. ಬಂಗಾಳದ ಪ್ರಸಿದ್ಧವಾದ ಕಾಂಥಾ ಹೊಲಿಗೆಯ ಹೆಸರೂ ಅದೇ. ಕನ್ನಡದಲ್ಲಿ ಅದು ಮೆಲ್ಲನೆ ಕಾಗದದ ಕಂತೆ, ಹುಲ್ಲಿನ ಕಂತೆಗಳ ಕಡೆಗೆ ಸರಿದುಹೋಯಿತು. ಬೊಂತೆಯು ತೆಲುಗಿನವರಲ್ಲಿ ಬೊಂತವಾಗಿ ಇಂದಿಗೂ ಹೊದಿಕೆಯ ಅರ್ಥವನ್ನು ಉಳಿಸಿಕೊಂಡಿದೆ.

ಈ ಬೊಂತೆಯು ನಮ್ಮನ್ನು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಒಯ್ಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನ 'ಮಾನಸೋಲ್ಲಾಸ'ವು ಸುಮಾರು ೧೧೩೦ರ ಹೊತ್ತಿನದು. ಅರಸನ ಭೋಗಗಳನ್ನು ಒಂದೊಂದಾಗಿ ವಿವರಿಸುವ ಆ ಗ್ರಂಥವು ವಸ್ತ್ರಗಳನ್ನೂ ಶಯ್ಯೆಗಳನ್ನೂ ಬೇರೆಬೇರೆಯಾಗಿ ತೆಗೆದುಕೊಂಡು ವರ್ಣಿಸುತ್ತದೆ. ಅದಾದ ಮೂವತ್ತು ನಲವತ್ತು ವರ್ಷಗಳೊಳಗೆ ಅದೇ ಪಟ್ಟಣದಲ್ಲಿ ಶರಣರ ಗೋಷ್ಠಿ ನೆರೆಯಿತು. ಅದರಲ್ಲಿ ಬೊಂತಾದೇವಿ ಎಂಬ ವಚನಕಾರ್ತಿಯಿದ್ದಳು. ಸಂಪ್ರದಾಯದ ಪ್ರಕಾರ ಆಕೆ ಕಾಶ್ಮೀರದ ಕಡೆಯ ಅರಸುಮಗಳು, ಮೊದಲ ಹೆಸರು ನಿಜದೇವಿ. ಎಲ್ಲವನ್ನೂ ತೊರೆದು ದಿಗಂಬರೆಯಾಗಿ ಹೊರಟಾಗ ಶಿವನೇ ಆಕೆಗೊಂದು ಬೊಂತೆಯನ್ನು ಹೊದಿಸಿದನಂತೆ, ಅಂದಿನಿಂದ ಅದೇ ಆಕೆಯ ಹೆಸರಾಯಿತಂತೆ. ಈ ಕಥೆಯ ನಿಜಾನಿಜಗಳು ಇಲ್ಲಿ ಮುಖ್ಯವಲ್ಲ. ದೇವರು ಕೊಡಬಹುದಾದ ಬಟ್ಟೆ ಪಟ್ಟೆಯಲ್ಲ, ಬೊಂತೆ ಎಂದು ಆ ಕಾಲದ ನಂತರದ ಜನ ಭಾವಿಸಿದರೆಂಬುದು ಮುಖ್ಯ. ಅದೇ ಗೋಷ್ಠಿಯಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ಶರಣನೂ ಇದ್ದನು. ನೂಲುವ ಕಾಯಕದ ಹೆಂಗಸರೂ ಇದ್ದರು. ಅರಸನ ಶಯ್ಯೆಯ ವರ್ಣನೆಯ ಪಕ್ಕದಲ್ಲಿಯೇ ಸೂಜಿಯ ಹೆಸರಿನ ಒಬ್ಬ ಕವಿಯನ್ನು ಕಾಣುವುದು ಬೇರೆ ಭಾಷೆಗಳ ಸಾಹಿತ್ಯದಲ್ಲಿ ಅಷ್ಟು ಸುಲಭವಲ್ಲವೆಂದು ನಮಗೆ ತೋರುತ್ತದೆ.

ಪದರಗಳನ್ನು ಸೇರಿಸಿ ಹೊಲಿಯುವ ವಿದ್ಯೆಯು ಹಾಸಿಗೆಗೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದನ್ನು ಸೂಚಿಸಿ ಮುಂದುವರಿಯಬಹುದು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಯೋಧರು ತೊಟ್ಟಿದ್ದ ಪದರ ಹೊಲಿಗೆಯ ಅಂಗಿಗಳನ್ನು ಹೆಸರಿಸಿದ್ದಾನೆ. ಒತ್ತಾಗಿ ಹೊಲಿದ ಹತ್ತಿಬಟ್ಟೆಯ ಪದರಗಳು ಕತ್ತಿಯ ಏಟನ್ನೂ ಬಾಣದ ಮೊನೆಯನ್ನೂ ಸ್ವಲ್ಪಮಟ್ಟಿಗೆ ತಡೆಯಬಲ್ಲವು. ಯುದ್ಧದಲ್ಲಿ ಬಳಕೆಯಾದುದರಿಂದ ಆ ಅಂಗಿಯು ಚರಿತ್ರೆಯಲ್ಲಿ ಉಳಿಯಿತು. ಅದೇ ಹೊಲಿಗೆಯ ತೊಟ್ಟಿಲ ಬಟ್ಟೆಯನ್ನು ಬರೆದಿಡಲು ಯಾವ ಪ್ರವಾಸಿಯೂ ಮನೆಯೊಳಗೆ ಹೋಗಲಿಲ್ಲ.

ಈಗ ಕಟ್ಟಣೆಯ ವಿಷಯ. ಕೌದಿಗೆ ಮೂರು ಅಂಗಗಳು: ಕೆಳಗಿನ ಹಾಸು, ನಡುವಿನ ತುಂಬು, ಮೇಲಿನ ಮುಖ. ಕೆಳಹಾಸಿಗೆ ಸಾಮಾನ್ಯವಾಗಿ ಮೆತುವಾದ ಹಳೆಯ ಸೀರೆ ಬೇಕು, ಏಕೆಂದರೆ ಮೈಗೆ ತಗಲುವುದು ಅದೇ. ಇಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಬಹುದು. ಹಿಂದಿನವರ ಸೀರೆ ಒಂಬತ್ತು ಗಜ, ಎಂದರೆ ಹದಿನೆಂಟು ಮೊಳ. ಪನ್ನ ಸುಮಾರು ಎರಡೂವರೆ ಮೊಳ. ಅದನ್ನು ನಾಲ್ಕು ಸಮಪಾಲಾಗಿ ಕತ್ತರಿಸಿದರೆ ಒಂದೊಂದು ತುಂಡು ನಾಲ್ಕೂವರೆ ಮೊಳ ಉದ್ದವಾಗುತ್ತದೆ. ಎರಡನ್ನು ಪಕ್ಕಪಕ್ಕಕ್ಕೆ ಕೂಡಿಸಿದರೆ ನಾಲ್ಕೂವರೆಗೆ ಐದು ಮೊಳದ ಹಾಸು; ಉಳಿದ ಎರಡರಿಂದ ಅದೇ ಅಳತೆಯ ಮತ್ತೊಂದು. ಹೀಗೆ ಒಂದೇ ಒಂದು ಸೀರೆಯು ಹೊದಿಕೆಯ ಎರಡು ಮುಖಗಳಿಗೂ ಒದಗುತ್ತದೆ, ಒಂದು ಗೇಣೂ ಹೋಳಾಗಿ ಉಳಿಯುವುದಿಲ್ಲ. ದೊಡ್ಡವರು ಕಾಲು ಮಡಿಸದೆ ಹೊದ್ದುಕೊಳ್ಳಬಲ್ಲ ಅಳತೆ ಅದು. ಸೀರೆಯ ಉದ್ದವು ಕೌದಿಯ ಅಳತೆಯನ್ನು ನಿರ್ಧರಿಸಿತೆಂದೇ ನಮ್ಮ ಊಹೆ. ಆರು ಗಜದ ಸೀರೆ ಬಳಕೆಗೆ ಬಂದ ಮೇಲೆ ಈ ಲೆಕ್ಕ ತಪ್ಪಿತು. ಮುಖಕ್ಕೆ ಒಂದು ಸೀರೆ, ಬೆನ್ನಿಗೆ ಇನ್ನೊಂದು ಎಂದು ಎರಡನ್ನು ಹೊಂದಿಸಬೇಕಾಗಿ ಬಂತು. ಬಣ್ಣಬಣ್ಣದ ಎರಡು ಮುಖಗಳ ಕೌದಿಗಳು ಹೆಚ್ಚಲು ಇದೂ ಒಂದು ಕಾರಣವಾಗಿರಬಹುದು.

ನಡುವಿನ ತುಂಬಿನಲ್ಲಿಯೇ ಕೌದಿಯ ಗುಣವಿರುವುದು. ಹತ್ತಿಯನ್ನು ಹಿಂಜಿ ತುಂಬಿದರೆ ಅದು ರಜಾಯಿಯಾಗುತ್ತದೆ, ಕೌದಿಯಲ್ಲ. ರಜಾಯಿಗೆ ಕೆಲವೇ ಹೊಲಿಗೆ ಸಾಕು, ಹಿಂಜುವವನಿಗೆ ಕೂಲಿ ಕೊಡಬೇಕು, ತೊಳೆಯುವಂತಿಲ್ಲ. ಕೌದಿಯ ತುಂಬು ಪಂಚೆ, ಟವೆಲು, ಅಂಗಿಯ ಬೆನ್ನು, ಕುಪ್ಪಸದ ತೋಳು, ಹರಿದ ಹಾಸು. ಅದನ್ನು ಕೆರೆಗೆ ಒಯ್ದು ಒಗೆಯಬಹುದು. ನೆಂದ ಕೌದಿಯನ್ನು ಹಿಂಡಲು ಇಬ್ಬರು ಬೇಕೆಂಬುದು ಬೇರೆ ಮಾತು. ಪದರ ಹೆಚ್ಚಿದಷ್ಟೂ ಬೆಚ್ಚಗೆ, ಅಷ್ಟೇ ಭಾರ. ಹಾಸಲೆಂದು ಮಾಡಿದುದಕ್ಕೆ ಪದರ ಹೆಚ್ಚು, ಹೊದೆಯಲೆಂದು ಮಾಡಿದುದಕ್ಕೆ ಕಡಿಮೆ. ಎಳೆಯ ಕೂಸಿನದಕ್ಕೆ ಎರಡೋ ಮೂರೋ ಪದರ, ಅದೂ ಬಹಳ ಒಗೆತ ಕಂಡ ಬಟ್ಟೆಯಿಂದ. ಕೂಸಿನ ಕುಂಚಿಗೆಯನ್ನು ಸಹ ಇದೇ ತೇಪೆಯ ಕೆಲಸದಿಂದ ಅಂದಗೊಳಿಸುವುದುಂಟು.

ಬಟ್ಟೆಗಳನ್ನು ನೆಲದ ಮೇಲೆ ಸುಕ್ಕಿಲ್ಲದೆ ಹರಡಿ, ಮೂಲೆಗಳಿಗೆ ಕಲ್ಲು ಹೇರಿ, ಉದ್ದುದ್ದ ಟಾಕು ಹಾಕಿ ನಿಲ್ಲಿಸಿದ ಮೇಲೆ ಹೊಲಿಗೆಯ ದಾರಿಯನ್ನು ಆರಿಸಬೇಕು. ಇಲ್ಲಿ ಎರಡು ಸಂಪ್ರದಾಯಗಳಿವೆ. ಒಂದು, ಒಂದು ತುದಿಯಿಂದ ಇನ್ನೊಂದು ತುದಿಗೆ ಸಮಾನಾಂತರವಾದ ಸಾಲುಗಳು, ನೇಗಿಲ ಸಾಲಿನಂತೆ. ಇನ್ನೊಂದು, ಅಂಚಿನಿಂದ ಆರಂಭಿಸಿ ನಾಲ್ಕೂ ಮಗ್ಗುಲು ಸುತ್ತುತ್ತ, ಚೌಕದೊಳಗೆ ಚೌಕವಾಗಿ ನಡುವಿಗೆ ಬಂದು ಮುಗಿಯುವುದು. ಎರಡರಲ್ಲಿಯೂ ಬಳಕೆಯಾಗುವುದು ಸರಳವಾದ ನೇರ ಹೊಲಿಗೆಯೇ. ಭೇದವಿರುವುದು ಸಡಿಲವನ್ನು ಎಲ್ಲಿಗೆ ತಳ್ಳುವುದೆಂಬುದರಲ್ಲಿ. ಹಲವು ಪದರಗಳನ್ನು ಹೊಲಿಯುವಾಗ ಮೇಲಿನ ಬಟ್ಟೆ ಕೊಂಚ ಕೊಂಚವಾಗಿ ಮುಂದಕ್ಕೆ ಜರುಗುತ್ತದೆ. ಸಮಾನಾಂತರ ಸಾಲಿನಲ್ಲಿ ಆ ಸಡಿಲವು ಒಂದು ಅಂಚಿಗೆ ಹೋಗಿ ಸೇರುತ್ತದೆ, ಅಲ್ಲಿ ಕತ್ತರಿಸಿ ಸರಿಮಾಡಬಹುದು. ಸುತ್ತು ಹೊಲಿಗೆಯಲ್ಲಿ ಅದು ನಡುವಿಗೆ ಬಂದು ಗುಬುಟು ಕಟ್ಟಬೇಕು. ಯೂರೋಪು ಅಮೆರಿಕಗಳ ಹೊಲಿಗೆಯ ಕೈಪಿಡಿಗಳು ನಡುವಿನಿಂದ ಹೊರಕ್ಕೆ ಹೊಲಿಯಿರೆಂದು ಬೋಧಿಸುವುದು ಈ ಕಾರಣದಿಂದಲೇ. ನಮ್ಮ ಹೆಂಗಸರು ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದೂ ಗುಬುಟಿಲ್ಲದ ಕೌದಿಯನ್ನು ತೆಗೆಯುತ್ತಾರೆ.

ಇದರ ಗುಟ್ಟು ಮೇಲ್ಮುಖದ ರಚನೆಯಲ್ಲಿದೆ. ಪಾಶ್ಚಾತ್ಯ ಕ್ರಮದಲ್ಲಿ ತೇಪೆಗಳನ್ನೆಲ್ಲ ಮೊದಲೇ ಒಂದಕ್ಕೊಂದು ಹೊಲಿದು ಮುಖವನ್ನು ಪೂರ್ತಿ ಸಿದ್ಧಪಡಿಸಿ, ಅನಂತರ ಅದನ್ನು ತುಂಬಿನ ಮೇಲೆ ಹಾಸಿ ಹೊಲಿಯುತ್ತಾರೆ. ಸುತ್ತು ಹೊಲಿಗೆಯ ಕೌದಿಯಲ್ಲಿ ಮುಖವೆಂಬುದು ಮೊದಲೇ ಇರುವುದಿಲ್ಲ. ಹೊಲಿಗೆ ಮುಂದುವರಿದಂತೆ ಒಂದೊಂದು ತೇಪೆಯನ್ನು ಅಂಚು ಮಡಿಸಿ, ಹಿಂದಿನದರ ಮೇಲೆ ಕೊಂಚ ಏರಿಸಿ ಇಟ್ಟು, ಅದರ ಮೇಲೆ ಸಾಲು ಎಳೆಯುತ್ತಾರೆ. ಬಂದ ಸಡಿಲವು ಮುಂದಿನ ತೇಪೆಯ ಮಡಿಕೆಯಲ್ಲಿ ಕರಗಿಹೋಗುತ್ತದೆ. ಹೊಲಿಗೆಯೂ ವಿನ್ಯಾಸವೂ ಒಟ್ಟಿಗೆ ಬೆಳೆಯುತ್ತವೆ. ಮುಂದಿನ ತೇಪೆ ಯಾವ ಬಣ್ಣದ್ದೆಂಬುದು ಬುಟ್ಟಿಯಲ್ಲಿ ಏನಿದೆಯೆಂಬುದನ್ನು ನೋಡಿ ಆಗ ತೀರ್ಮಾನವಾಗುವ ಸಂಗತಿ. ನಕ್ಷೆಯನ್ನು ಮೊದಲು ಬರೆದು ಕಟ್ಟುವ ಕೆಲಸವೇ ಮೇಲೆಂದು ಭಾವಿಸುವವರು ಈ ಕ್ರಮದ ಲೆಕ್ಕಾಚಾರವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು.

ಸುತ್ತು ಹೊಲಿಗೆಯನ್ನು ಅದರ ಪೂರ್ಣ ವೈಭವದಲ್ಲಿ ಕಾಣಬೇಕಾದರೆ ಉತ್ತರ ಕನ್ನಡಕ್ಕೆ ಹೋಗಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡು ತಾಲ್ಲೂಕುಗಳ ಸಿದ್ದಿ ಹೆಂಗಸರು ತಮ್ಮ ಹೊದಿಕೆಯನ್ನು ಕವಂದಿ ಎನ್ನುತ್ತಾರೆ. ಪೋರ್ಚುಗೀಸರ ಗೋವೆಯಿಂದಲೂ ದಖ್ಖನಿನ ಸುಲ್ತಾನರ ನಾಡುಗಳಿಂದಲೂ ಬಿಡಿಸಿಕೊಂಡು ಕಾಡು ಸೇರಿದ ಆಫ್ರಿಕದ ಮೂಲದ ಈ ಜನರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಕವಂದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯ ಚೂರುಗಳನ್ನು ಮಡಿಸಿ ಮಾಡಿದ ತ್ರಿಕೋನದ ಹೂಗಳಿರಬೇಕು. ಅವರ ಮಾತಿನಲ್ಲಿ ಅದು ಫೂಲ. ಅದಿಲ್ಲದ ಕವಂದಿ ಬತ್ತಲೆ ಎನ್ನುತ್ತಾರೆ. ನಡುವಿನ ಕೊನೆಯ ತೇಪೆಯನ್ನು ಮುಚ್ಚುವ ಮೊದಲು ಕೆಲವರು ಅದರೊಳಗೆ ನಾಲ್ಕು ಕಾಳು ಅಕ್ಕಿಯನ್ನಿಡುವುದುಂಟು. ಹೊದಿಕೆಯ ಹೊಟ್ಟೆಯೂ ತುಂಬಿರಬೇಕೆಂಬ ಭಾವನೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸಲ್ಮಾನರದರಲ್ಲಿ ಅರ್ಧಚಂದ್ರ ಕಾಣಿಸುವುದುಂಟು. ಅಮೆರಿಕದ ಕಲಾಚರಿತ್ರಕಾರ ಹೆನ್ರಿ ಡ್ರೂವಲ್ ಅವರ ಪ್ರೋತ್ಸಾಹದಿಂದ ೨೦೦೪ರಲ್ಲಿ ಸಿದ್ದಿ ಹೆಂಗಸರ ಸಹಕಾರ ಕೂಟವೊಂದು ರೂಪುಗೊಂಡಿತು. ೨೦೧೧ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಹೊದಿಕೆಗಳ ಪ್ರದರ್ಶನವೂ ನಡೆಯಿತು.

ಕವಂದಿಯ ಬಣ್ಣಗಳ ಜೋಡಣೆಯಲ್ಲಿ ಆಫ್ರಿಕದ ನೆನಪನ್ನು ಕಾಣಬೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅಮೆರಿಕದ ಅಲಬಾಮಾ ಪ್ರಾಂತದ ಗೀಸ್ ಬೆಂಡ್ ಎಂಬ ಊರಿನ ಕರಿಯ ಹೆಂಗಸರ ಹೊದಿಕೆಗಳು ೨೦೦೨ರಲ್ಲಿ ಪ್ರಸಿದ್ಧಿಗೆ ಬಂದ ಮೇಲೆ ಈ ಹೋಲಿಕೆ ಇನ್ನಷ್ಟು ಆಕರ್ಷಕವಾಗಿದೆ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಎಚ್ಚರ ಬೇಕು. ಬಳಕೆಯ ಕೌದಿಯ ಆಯುಸ್ಸು ಒಂದು ತಲೆಮಾರು. ಮೂರು ನಾಲ್ಕು ಶತಮಾನಗಳ ಅಖಂಡ ಪರಂಪರೆಯನ್ನು ತೋರಿಸಬಲ್ಲ ಹಳೆಯ ಮಾದರಿಗಳು ಕೈಗೆ ಸಿಗುವ ವಸ್ತುವಲ್ಲ. ಮತ್ತೊಂದು ಕಡೆ, ಪದರ ಹೊಲಿಗೆಯ ತಂತ್ರವು ಮಹಾರಾಷ್ಟ್ರದ ಗೋಧಡಿಯಲ್ಲಿಯೂ ಸಿಂಧಿನ ರಲ್ಲಿಯಲ್ಲಿಯೂ ಇದೆ. ಹೆಸರಿನ ಮಟ್ಟಿಗೆ ಕವಂದಿಯು ಕೌದಿಯ ಒಡಹುಟ್ಟಿದಂತಿದೆ. ತಂತ್ರವು ನೆಲದ್ದು, ಅದನ್ನು ತಮ್ಮದಾಗಿಸಿಕೊಂಡ ಬಗೆ ಸಿದ್ದಿಗಳದು ಎಂದರೆ ಅವರ ಕೀರ್ತಿಗೆ ಕುಂದಿಲ್ಲ. ಬಂದವರು ಏನನ್ನು ಹೊತ್ತು ತಂದರು ಎಂದು ಕೇಳುವಷ್ಟೇ ಆಸಕ್ತಿಯಿಂದ, ಬಂದ ನೆಲದಿಂದ ಏನನ್ನು ಕಲಿತರು ಎಂದೂ ಕೇಳಬೇಕು.

ಉತ್ತರದ ಬಯಲುನಾಡಿನಲ್ಲಿ ಕೌದಿಗೆ ಇನ್ನೊಂದು ಲಕ್ಷಣವಿದೆ. ಅಲ್ಲಿ ಅದನ್ನು ಹೇಳಿ ಹೊಲಿಸುತ್ತಾರೆ. ಬೇಸಗೆಯಲ್ಲಿ, ಹೊಲದ ಕೆಲಸ ಮುಗಿದ ಮೇಲೆ, ಊರೂರು ತಿರುಗುವ ಸಮುದಾಯಗಳ ಹೆಂಗಸರು ಮನೆಯಂಗಳಕ್ಕೆ ಬಂದು ಕೂಡುತ್ತಾರೆ. ಬಟ್ಟೆ, ದಾರ ಮನೆಯವರದು. ಸೂಜಿ, ಕೈ ಹೊಲಿಯುವಾಕೆಯದು. ಕೂಲಿಯು ಅಳತೆಯ ಮೇಲೂ ಸಾಲುಗಳ ಒತ್ತಿನ ಮೇಲೂ ನಿಂತಿದೆ: ಗೇಣಿಗೆ ಹೆಚ್ಚು ಸಾಲು ಬೇಕೆಂದರೆ ಹೆಚ್ಚು ದಿನ, ಹೆಚ್ಚು ಕೂಲಿ, ಹಣದ ಜೊತೆಗೆ ಜೋಳವನ್ನೋ ಹಳೆಯ ಸೀರೆಯನ್ನೋ ಕೊಡುವ ವಾಡಿಕೆಯೂ ಇತ್ತು. ಅಂಚಿಗೆ ಯಾವ ಬಣ್ಣ, ಮೂಲೆಗೆ ತ್ರಿಕೋನ ಬೇಕೋ ಬೇಡವೋ, ನಡುವೆ ಚೌಕವೋ ಹೂವೋ ಎಂಬುದೆಲ್ಲ ಮನೆಯಾಕೆಗೂ ಹೊಲಿಯುವಾಕೆಗೂ ಆಗುವ ಮಾತುಕತೆ. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ, ಚೊಚ್ಚಲ ಕೂಸು ಹುಟ್ಟಿದಾಗ ಕೌದಿ ಕೊಡಬೇಕು. ಅಂಥದಕ್ಕೆ ಸೀರೆಯ ಸೆರಗು, ಅಂಚುಗಳನ್ನು ಮೊದಲೇ ತೆಗೆದಿರಿಸುತ್ತಾರೆ.

ಬೆಳ್ಳಾವಿಯ ಕಡೆ ಇಂತಹ ಹೇಳಿ ಹೊಲಿಸುವ ವಾಡಿಕೆ ಬಲಿಯಲಿಲ್ಲ. ಕಾರಣವನ್ನು ಕುರಿಯ ಮೈಮೇಲೆ ಹುಡುಕಬೇಕೆಂದು ನಮಗೆ ತೋರುತ್ತದೆ. ಧಾರವಾಡದ ಕಡೆಯದು ಎರೆನೆಲ, ಹತ್ತಿಯ ನಾಡು. ತುಮಕೂರಿನದು ಕೆಮ್ಮಣ್ಣು, ರಾಗಿ, ತೆಂಗು, ಬಯಲಿನಲ್ಲಿ ಕುರಿ. ಸಿರಾ, ಮಧುಗಿರಿ, ಚಿಕ್ಕನಾಯಕನಹಳ್ಳಿಗಳಲ್ಲಿ ಕಂಬಳಿಯ ನೇಯ್ಗೆ ಬಹುಕಾಲದಿಂದ ನಡೆದುಬಂದಿದೆ. ೧೮೦೦ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯ ಸರಕುಗಳನ್ನು ಹೇಳುವಾಗ ಒರಟು ಹತ್ತಿಬಟ್ಟೆಯನ್ನೂ ಕಂಬಳಿಯನ್ನೂ ಹೆಸರಿಸಿದ್ದಾನೆ. ಕರಿಯ ಕಂಬಳಿ ಮಳೆಗೆ ಕೊಪ್ಪೆ, ಕಣದಲ್ಲಿ ಹಾಸು, ರಾತ್ರಿ ಹೊದಿಕೆ. ಒಂದೇ ವಸ್ತು ಮೂರು ಕೆಲಸಕ್ಕೆ ಒದಗುತ್ತದೆ. ಅದು ಸಂತೆಯಲ್ಲಿ ಕೊಳ್ಳುವಂಥದು, ಗಂಡಸರ ಮಗ್ಗದಿಂದ ಬರುವಂಥದು. ಕೆಳಗೆ ಈಚಲು ಚಾಪೆ, ಮೇಲೆ ಕಂಬಳಿ ಇರುವಲ್ಲಿ ಕೌದಿಗೆ ಉಳಿದುದು ಕಂಬಳಿಯು ಚುಚ್ಚುವ ಎಡೆ ಮಾತ್ರ: ಬಾಣಂತಿ, ಕೂಸು, ಮುದುಕರು, ರೋಗಿಗಳು. ಈ ಸೀಮೆಯ ಕೌದಿ ಚಿಕ್ಕದು, ಮೆತು, ಅಲಂಕಾರ ಕಡಿಮೆಯದು. ಅದನ್ನು ಹೊಲಿದುಕೊಳ್ಳುವವರು ಮನೆಯವರೇ. ಸಂತೆಗೆ ಬಾರದ ವಸ್ತುವಾದುದರಿಂದ ಬುಕಾನನ್ನನ ಪಟ್ಟಿಯಲ್ಲಿ ಅದನ್ನು ಹುಡುಕಿ ಫಲವಿಲ್ಲ.

ಹಳೆಯ ಬಟ್ಟೆ ಧಾರಾಳವಾಗಿ ದೊರೆಯಬೇಕಾದರೆ ಹೊಸ ಬಟ್ಟೆ ಅಗ್ಗವಾಗಬೇಕು ಎಂಬುದನ್ನೂ ಮರೆಯಬಾರದು. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ೧೮೮೯ರ ಹೊತ್ತಿಗೆ ಅದೇ ದಾರಿ ಹರಿಹರವನ್ನು ಮುಟ್ಟಿತು. ಬೆಂಗಳೂರಿನಲ್ಲಿ ಬಟ್ಟೆ ಗಿರಣಿಗಳು ಏಳತೊಡಗಿದುದೂ ಅದೇ ದಶಕದಲ್ಲಿ. ಗಿರಣಿ ಬಟ್ಟೆಯೂ ಸೀಮೆಯ ನೂಲೂ ಹೀಗೆ ಹಳ್ಳಿಯ ಸಂತೆಗೆ ತಲುಪಿದವು. ಹಲವು ಪದರಗಳ ಕೌದಿಯು ಅನಾದಿಕಾಲದಿಂದ ಎಲ್ಲರ ಮನೆಯಲ್ಲಿಯೂ ಇತ್ತೆಂದು ಕಲ್ಪಿಸಿಕೊಳ್ಳುವುದು ಸರಿಯಲ್ಲ. ಮನೆಯೊಂದರಲ್ಲಿ ಹತ್ತು ಹರಕು ಬಟ್ಟೆ ಒಟ್ಟಿಗೆ ಕೂಡುವುದು ಹಿಂದಿನ ಬಡವನಿಗೆ ಸುಲಭದ ಮಾತಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ ಬಟ್ಟೆಯ ಮೇಲೆ ಸರ್ಕಾರದ ನಿಯಂತ್ರಣ ಬಂದಾಗ ಮತ್ತೆ ಅಂತಹದೇ ಅಭಾವ ಒದಗಿತು.

ಇಷ್ಟನ್ನೂ ಊಹೆಯ ಮಟ್ಟದಲ್ಲಿ ಬಿಡದೆ ಒಂದು ಕೌದಿಯನ್ನಾದರೂ ಪರೀಕ್ಷಿಸಬೇಕೆಂದು ನಾವು ಬೆಳ್ಳಾವಿ ಹೋಬಳಿಯ ಒಕ್ಕಲು ಮನೆಯೊಂದಕ್ಕೆ ಹೋದೆವು. ಇಲಿ ಕಡಿದು ಅಟ್ಟ ಸೇರಿದ್ದ ಕೌದಿಯೊಂದನ್ನು ಮನೆಯ ಹಿರಿಯಾಕೆ ಇಳಿಸಿ ಕೊಟ್ಟರು. "ಬಿಚ್ಚಕ್ಕೇನು ಬಿಚ್ಚಿ ಮೇಷ್ಟ್ರೇ, ತಿರುಗಾ ಹೊಲ್ಕೊಡೋರ್ಯಾರು?" ಎಂದು ಅವರು ಕೇಳಿದುದು ನ್ಯಾಯವಾಗಿಯೇ ಇತ್ತು. ಉತ್ಖನನ ಮಾಡುವವರು ನೆಲವನ್ನು ಸ್ತರ ಸ್ತರವಾಗಿ ಬಿಡಿಸುವಂತೆ ನಾವು ಸಾಲುಗಳನ್ನು ಕತ್ತರಿಸುತ್ತ ಹೋದೆವು. ಮೇಲೆ ಇದ್ದುದು ಪಾಲಿಯೆಸ್ಟರಿನ ಅಚ್ಚಿನ ಸೀರೆ. ಹಿರಿಯ ಮಗಳ ಮದುವೆಯ ವರ್ಷ ಕೊಂಡದ್ದೆಂದು ಹಿರಿಯಾಕೆ ಗುರುತಿಸಿದರು. ಅದರಡಿಯಲ್ಲಿ ಚೌಕಳಿಯ ನೂಲಿನ ಸೀರೆ, ಹೊಲಿಗೆ ಬಿಚ್ಚಿ ಚಪ್ಪಟೆ ಮಾಡಿದ ಖಾಕಿಯ ಶಾಲಾ ಚಡ್ಡಿ, ಎರಡು ಪಂಚೆಯ ತುಂಡುಗಳು. ಅವುಗಳ ಕೆಳಗೆ ಚೀಲದ ಬಟ್ಟೆಯ ಒಂದು ಚೌಕ. ಮಾಸಿದ್ದರೂ ಅದರ ಮೇಲೆ ಎರಡು ಕೈಗಳು ಕುಲುಕುವ ಮುದ್ರೆ ಸ್ಪಷ್ಟವಾಗಿತ್ತು. ೧೯೫೬ರ ಒಪ್ಪಂದದ ತರುವಾಯ ಅಮೆರಿಕದಿಂದ ಬಂದ ಧಾನ್ಯ, ಹಿಟ್ಟುಗಳ ಚೀಲಗಳ ಮುದ್ರೆ ಅದು. ಕೇರ್ ಉಪ್ಪಿಟ್ಟೆಂದು ಆ ಕಾಲದ ಶಾಲೆಯ ಮಕ್ಕಳು ನೆನೆಯುವ ತಿಂಡಿಯ ಚೀಲವೂ ಅಂಥದೇ. ಎಲ್ಲಕ್ಕೂ ಒಳಗೆ, ತುಂಬಿನ ನಡುವೆ, ಇಡಿಯಾಗಿ ಮತ್ತೊಂದು ಪುಟ್ಟ ಕೌದಿಯಿತ್ತು. ಕೂಸಿನ ಅಳತೆಯದು, ಒರಟು ನೂಲಿನ ಬಟ್ಟೆಯದು.

ಕೌದಿಯನ್ನು ಆಕರವೆಂದು ನಾವು ಕರೆದುದರ ಅರ್ಥ ಇಲ್ಲಿ ತಿಳಿಯುತ್ತದೆ. ಹಳೆಯ ಕೌದಿಯನ್ನು ಎಸೆಯುವುದಿಲ್ಲ, ಹೊಸದರ ಹೊಟ್ಟೆಗೆ ಹಾಕುತ್ತಾರೆ. ಮೇಲಿನದು ಕೆಳಗಿನದಕ್ಕಿಂತ ಈಚಿನದೆಂಬ ಸ್ತರದ ನಿಯಮ ಇಲ್ಲಿ ಹೊರಗಿನಿಂದ ಒಳಕ್ಕೆ ಅನ್ವಯಿಸುತ್ತದೆ. ಒಳಗಿನ ಕೂಸಿನ ಕೌದಿಯ ಸಾಲುಗಳು ಸಮಾನಾಂತರವಾಗಿದ್ದವು. ಹೊರಗಿನದರ ಸಾಲುಗಳು ಸುತ್ತು ಬಂದಿದ್ದವು. ಒಂದೇ ಮನೆಯಲ್ಲಿ ಒಂದು ತಲೆಮಾರಿನ ಅಂತರದಲ್ಲಿ ಹೊಲಿಗೆಯ ದಾರಿ ಬದಲಾಗಿದೆಯೆಂದಾಯಿತು. ಸೊಸೆಯಾಗಿ ಬಂದವಳ ಕೈಯೊಡನೆ ಅವಳ ತವರಿನ ರೀತಿಯೂ ಬರುತ್ತದೆಂಬುದು ಇದಕ್ಕೆ ಸರಳವಾದ ವಿವರಣೆ. ಅದು ನಿಜವಾದರೆ, ಯಾವ ಸೀಮೆಯ ಶೈಲಿ ಇದು ಎಂದು ನಕ್ಷೆಯ ಮೇಲೆ ಗೆರೆ ಎಳೆಯುವ ನಮ್ಮ ಅಭ್ಯಾಸವನ್ನು ಕೌದಿಯ ಮಟ್ಟಿಗೆ ಬಿಡಬೇಕಾಗುತ್ತದೆ. ಗಂಡಸರು ನೆಲೆನಿಂತ ಊರುಗಳಿಗಿಂತ ಹೆಂಗಸರು ಕೊಟ್ಟು ತಂದ ಊರುಗಳ ನಂಟೇ ಇಲ್ಲಿ ದಾರಿ ತೋರಬೇಕು. ಒಂದೇ ಮಾದರಿಯಿಂದ ಇದಕ್ಕಿಂತ ಹೆಚ್ಚನ್ನು ಹೇಳುವುದು ಉಚಿತವಲ್ಲ. ಆದರೆ ಹೋಬಳಿಗೆ ಹತ್ತು ಕೌದಿಗಳಂತೆ ವಿದ್ಯಾರ್ಥಿಗಳು ಪರೀಕ್ಷಿಸಿ, ಪದರ, ಸಾಲು, ಅಂಚು, ಹೊಲಿದವರ ತವರೂರು ಇವನ್ನು ದಾಖಲಿಸಿದರೆ ಗ್ರಾಮಾಂತರದ ಉಡುಗೆಯ ಎಂಬತ್ತು ವರ್ಷಗಳ ಚರಿತ್ರೆಗೆ ಸಾಮಗ್ರಿ ಒದಗೀತು. ಅಟ್ಟಗಳು ಬೇಗ ಬೇಗ ಖಾಲಿಯಾಗುತ್ತಿರುವ ಕಾಲವಿದು.

ಮಾತುಗಳನ್ನೂ ಸಂಗ್ರಹಿಸಬೇಕು. ಬೆಳ್ಳಾವಿಯ ಹೆಸರನ್ನು ವಿದ್ವತ್ತಿನ ಲೋಕದಲ್ಲಿ ನಿಲ್ಲಿಸಿದವರು ಬೆಳ್ಳಾವೆ ವೆಂಕಟನಾರಣಪ್ಪನವರು (೧೮೭೨-೧೯೪೩). ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ೧೯೧೮ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರ ವಿಷಯಗಳಿಗೆ ಕನ್ನಡದ ಮಾತುಗಳನ್ನು ಹುಡುಕಿದರು. ೧೯೩೧ರಲ್ಲಿ 'ಪಂಪಭಾರತ'ವನ್ನು ಸಂಪಾದಿಸಿ ಕೊಟ್ಟರು. ೧೯೩೭ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಜಮಖಂಡಿಯು ಕೌದಿಯ ನಾಡು. ಅವರು ಗ್ರಂಥಸ್ಥ ಕನ್ನಡಕ್ಕೆ ಮಾಡಿದಷ್ಟು ಶ್ರದ್ಧೆಯ ಕೆಲಸವನ್ನು ಸೂಜಿ ದಾರಗಳ ಕನ್ನಡಕ್ಕೆ ಇನ್ನೂ ಯಾರೂ ಮಾಡಬೇಕಾಗಿದೆ. ತೇಪೆ, ಟಾಕು, ಪನ್ನ, ಅಸ್ತರು ಮುಂತಾದ ಮಾತುಗಳು ಹೊಲಿಗೆಯವರ ಬಾಯಲ್ಲಿ ಮಾತ್ರ ಉಳಿದುಕೊಂಡಿವೆ.

ಕೃತಕ ನೂಲು ಬಂದಂದಿನಿಂದ ಕೌದಿಯ ಕಟ್ಟಣೆ ಕೆಟ್ಟಿತೆಂದು ಹಿರಿಯರು ದೂರುತ್ತಾರೆ. ಆ ದೂರಿನಲ್ಲಿ ಹುರುಳಿದೆ. ಪಾಲಿಯೆಸ್ಟರು ಹರಿಯುವುದಿಲ್ಲ, ಆದುದರಿಂದ ಹಳೆಯದಾಗಿ ಮೆತ್ತಗಾಗುವುದೂ ಇಲ್ಲ, ಬೆವರನ್ನು ಹೀರುವುದಿಲ್ಲ, ಪದರದ ಮೇಲೆ ಪದರ ಜಾರುತ್ತದೆ. ಅದೇ ಕಾಲದಲ್ಲಿ ಪಾಣಿಪತ್ತಿನ ಕಾರ್ಖಾನೆಗಳ ಅಗ್ಗದ ಹೊದಿಕೆಗಳು ಸಂತೆಗಳನ್ನು ತುಂಬಿದವು. ದೇಶಾಂತರದ ಹಳೆಯ ಉಣ್ಣೆಯ ಉಡುಪುಗಳನ್ನು ಚಿಂದಿ ಮಾಡಿ, ಮತ್ತೆ ನೂತು ನೇಯ್ದು ಮಾಡುವ ವಸ್ತು ಅದು. ಕೌದಿಯ ತತ್ತ್ವವನ್ನೇ ಯಂತ್ರವು ಎರವಲು ಪಡೆದು ಕೌದಿಯನ್ನು ಹೊರಹಾಕಿತೆನ್ನಬಹುದು.

ಈಗ ನಗರಗಳಿಂದ ಕೌದಿಗೆ ಬೇಡಿಕೆ ಬರುತ್ತಿದೆ. ಮಂಚದ ಅಳತೆಯನ್ನು ಅಂಗುಲದಲ್ಲಿ ತಿಳಿಸಿ, ಬಣ್ಣ ಹೇಳಿ, ಅಂಚು ಹೀಗಿರಲಿ ಎಂದು ಮಾಡಿಸಿಕೊಳ್ಳುತ್ತಾರೆ. ಇದನ್ನು ಹೀಯಾಳಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಹೇಳಿ ಹೊಲಿಸುವುದು ಹಳೆಯ ವಾಡಿಕೆಯೇ. ಆದರೆ ಎರಡು ವ್ಯತ್ಯಾಸಗಳನ್ನು ಗುರುತಿಸಬೇಕು. ಹಿಂದೆ ಬಟ್ಟೆ ಹೊಲಿಸುವವಳ ಮನೆಯದು, ಆಕೆಯ ಮನೆಯ ನೆನಪು ಅದರಲ್ಲಿರುತ್ತಿತ್ತು. ಈಗ ಅಂಗಡಿಯ ಹೊಸ ಬಟ್ಟೆಯನ್ನು ಚೂರು ಮಾಡಿ ತೇಪೆಯ ಸೊಗಸನ್ನು ತರುತ್ತಾರೆ. ಇನ್ನು, ಬೇಗ ಮುಗಿಯಲೆಂದು ಹೊಲಿಗೆ ಯಂತ್ರಕ್ಕೆ ಒಡ್ಡಿದರೆ ಅದರ ಪಾದದಡಿಯಲ್ಲಿ ದಪ್ಪ ಪದರಗಳು ನುಸುಳುವುದಿಲ್ಲ; ತುಂಬು ಇಳಿದು ಎರಡು ಮೂರು ಪದರಕ್ಕೆ ನಿಲ್ಲುತ್ತದೆ. ನೋಡಲು ಕೌದಿ, ತೂಕಕ್ಕೆ ಹಾಸು. ಕೈಹೊಲಿಗೆಯದಕ್ಕೆ ಹೆಚ್ಚು ಬೆಲೆ ಏಕೆಂದು ಕೇಳುವ ಕೊಳ್ಳುವವರಿಗೆ ಸಾಲುಗಳನ್ನು ಎಣಿಸಿ ತೋರಿಸುವುದೇ ಉತ್ತರ. ಹೊಲಿದವರ ದಿನಗಳನ್ನು ಲೆಕ್ಕ ಹಿಡಿದು ಕೂಲಿ ಕಟ್ಟಿದರೆ ಇಂದಿನ ಬೆಲೆಗಳು ಹೆಚ್ಚೆನಿಸುವುದಿಲ್ಲ, ಕಡಿಮೆಯೆನಿಸುತ್ತವೆ.

ಬೆಳ್ಳಾವಿಯ ಕೌದಿಯ ಪದರಗಳನ್ನು ಅಳೆದು ಬರೆದುಕೊಂಡ ಮೇಲೆ ನಾವು ಅವನ್ನು ಮನೆಯವರಿಗೆ ಒಪ್ಪಿಸಿದೆವು. ನೂಲಿನ ಸೀರೆಯೂ ಪಂಚೆಯ ತುಂಡುಗಳೂ ಇನ್ನೂ ಗಟ್ಟಿಯಾಗಿದ್ದುದರಿಂದ ಹಿರಿಯಾಕೆ ಅವನ್ನು ಒಗೆಯಲು ತೆಗೆದಿಟ್ಟರು. ಒಳಗಿನ ಕೂಸಿನ ಕೌದಿಯನ್ನು ಸ್ವಲ್ಪ ಹೊತ್ತು ತಿರುವಿ ನೋಡಿ ಅದನ್ನೂ ಅವುಗಳ ಜೊತೆಗೇ ಇಟ್ಟರು. ಮುದ್ರೆಯ ಚೀಲದ ಬಟ್ಟೆ ಮಾತ್ರ ಬೇಡವೆಂದರು. ಅದು ಈಗ ನಮ್ಮ ವಿಭಾಗದ ಕಪಾಟಿನಲ್ಲಿದೆ.